ಮುಖ್ಯಮಂತ್ರಿಯ ಮಾವನವರು

ಮಧ್ಯಾಹ್ನದ ಊಟದ ಗದ್ದಲ ಮುಗಿದು, ಸಾಯಂಕಾಲದ ಕಾಫಿಗೆ ಹಾಲು ಕಾಯುವವರೆಗಿನ ಒಂದೆರಡು ಗಂಟೆಯ ಬಿಡುವಿನಲ್ಲಿ ನಮ್ಮ ಹೋಟೆಲುಗಳ ಹಿಂದಣ ಕೋಣೆಗಳಲ್ಲಿ ನಡೆಯುವ ಸಂಭಾಷಣೆಯನ್ನು ಕೇಳಿದವರು ಬಲ್ಲರು: ಊರಿನ ಮಳೆ, ಊರಿನ ಗದ್ದೆ, ಊರಿಗೆ ಕಳುಹಿಸಿದ ಹಣ ಇವುಗಳ ವಿಚಾರ ತೀರಿದ ಮೇಲೆ ಮಾತು ಮದುವೆಯ ಕಡೆಗೆ ತಿರುಗುತ್ತದೆ, ಮದುವೆಯ ಮಾತು ಬಂದಿತೆಂದರೆ ಮಾವನವರ ಮಾತು ಬಾರದೆ ಇರದು. ಒಬ್ಬನ ಮಾವನವರು ಕೈಗಡಿಯಾರವನ್ನು ಕೊಟ್ಟರು. ಇನ್ನೊಬ್ಬನ ಮಾವನವರು ಕೊಡುವೆನೆಂದು ಹೇಳಿ ಮರೆತರು. ಮೂರನೆಯವನು ಭಾಗ್ಯಶಾಲಿ, ಮಾವನವರ ನೆರವಿನಿಂದಲೇ ಸ್ವಂತ ಕಾಫಿ ಕ್ಲಬ್ಬನ್ನು ತೆರೆದನು. ಕಚೇರಿಗಳಲ್ಲಿ ಕುಳಿತಿರುವ ನಮ್ಮ ಗುಮಾಸ್ತ ಮಿತ್ರರ ಮಾತೂ ಇದಕ್ಕಿಂತ ಬಹಳ ಭಿನ್ನವಾದುದೆಂದು ನಾವು ತಿಳಿದಿಲ್ಲ.

ನಮ್ಮ ಭಾಷೆಯಲ್ಲಿ ಒಂದು ಸೊಗಸು ಇದೆ. ‘ಅಳಿಯ’ ಎಂಬ ಒಂದೇ ಶಬ್ದಕ್ಕೆ ಮಗಳ ಗಂಡನೆಂದೂ ಸೋದರಿಯ ಮಗನೆಂದೂ ಎರಡು ಅರ್ಥಗಳು. ‘ಮಾವ’ ಎಂಬುದಕ್ಕೂ ಹಾಗೆಯೇ. ದಕ್ಷಿಣ ಕನ್ನಡದ ಬಂಟರು, ಬಿಲ್ಲವರು ಮೊದಲಾದವರಲ್ಲಿ ನಡೆದುಬಂದ ಅಳಿಯಸಂತಾನದ ಕಟ್ಟಿನ ಮೇರೆಗೆ ಮನೆತನದ ಆಸ್ತಿ ತಂದೆಯಿಂದ ಮಗನಿಗೆ ಹೋಗದೆ, ಹೆಣ್ಣಿನ ಸಂತತಿಯ ಮೂಲಕ ಮಾವನಿಂದ ಸೋದರಳಿಯನಿಗೆ ಸಲ್ಲುತ್ತಿದ್ದಿತು. ಮಗಳ ಗಂಡನಿಗೆ ಅಂಥ ಹಕ್ಕು ಯಾವುದೂ ಇರಲಿಲ್ಲ. ಹಾಗಾದರೆ ಮಗಳ ಗಂಡನಾದವನು ಮಾವನಿಂದ ಪಡೆಯತಕ್ಕದ್ದೇನು?

ಈ ಪ್ರಶ್ನೆಗೆ ಉತ್ತರವನ್ನು ನಾವು ಒಂದು ನಿಜವಾದ ಸಂಬಂಧದಲ್ಲಿ ಹುಡುಕಲಿಚ್ಛಿಸುತ್ತೇವೆ. ಮಾವನವರು ನಮ್ಮ ಕರಾವಳಿಯವರು. ಅಳಿಯನು ಈ ನಗರದಲ್ಲಿ ಕುಳಿತು ಮದರಾಸು ಪ್ರಾಂತವನ್ನು ಆಳಿದವನು. ಮಾವನ ಹೆಸರು ಕುದ್ಮುಲ್ ರಂಗರಾಯರು. ಅಳಿಯನ ಹೆಸರು ಡಾಕ್ಟರ್ ಪಿ. ಸುಬ್ಬರಾಯನ್. ಅಳಿಯನ ಹೆಸರನ್ನು ಚೆನ್ನೈ ಬಲ್ಲದು. ಮಾವನ ಹೆಸರನ್ನು ಮಂಗಳೂರು ಬಲ್ಲದು. ಎರಡೂ ಊರುಗಳ ಅನ್ನವನ್ನುಂಡ ನಾವು ಇವರಿಬ್ಬರನ್ನೂ ಒಟ್ಟಿಗೆ ನೆನೆಯಬೇಕಾದುದು ನ್ಯಾಯವಾಗಿದೆ.

ಬಡತನದಿಂದ ವಕೀಲಿಗೆ

ರಂಗರಾಯರು 1859ರ ಜೂನ್ 29ರಂದು ಕಾಸರಗೋಡಿನಲ್ಲಿ ಜನಿಸಿದರು. ಇಂದು ಆ ಊರು ಕೇರಳಕ್ಕೆ ಸೇರಿದೆ. ಆದರೆ 1956ರ ನವೆಂಬರ್ 1ರವರೆಗೆ ಅದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಆ ಜಿಲ್ಲೆಯೋ ಮದರಾಸು ಪ್ರಾಂತದ ಭಾಗವಾಗಿದ್ದಿತು. ಕುಲದಿಂದ ಅವರು ಸಾರಸ್ವತ ಬ್ರಾಹ್ಮಣರು, ಸ್ಥಿತಿಯಿಂದ ಬಡವರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು, ಶಾಲೆಯೊಂದರಲ್ಲಿ ಅಲ್ಪ ಸಂಬಳದ ಉಪಾಧ್ಯಾಯರಾಗಿ, ದುಡಿಯುತ್ತಲೇ ಓದಿ, ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಕೀಲರಾದರು. ಹಗಲು ದುಡಿದು ರಾತ್ರಿ ಓದಿ ಪರೀಕ್ಷೆ ಕಟ್ಟಿದ ನಮ್ಮ ಓದುಗರಿಗೆ ಈ ದಾರಿ ಅಪರಿಚಿತವಲ್ಲ. ವಕೀಲರಾದ ಬಳಿಕ ಬಹು ಜನರು ಹಿಡಿಯುವ ಮಾರ್ಗವೆಂದರೆ ದೊಡ್ಡ ಭೂಮಾಲಿಕರ ದಾವೆಗಳನ್ನು ಹಿಡಿದು ತಾವೂ ಭೂಮಾಲಿಕರಾಗುವುದು. ರಂಗರಾಯರು ಬಡ ಕಕ್ಷಿಗಾರರ ವಕೀಲರೆಂದು ಹೆಸರು ಪಡೆದರು.

ಮಂಗಳೂರಿನಲ್ಲಿ 1870ರಲ್ಲಿ ಬ್ರಾಹ್ಮ ಸಮಾಜವು ಸ್ಥಾಪಿತವಾಗಿದ್ದಿತು. ಉಳ್ಳಾಲ ರಘುನಾಥಯ್ಯನವರು ಅದರ ಮುಂದಾಳುಗಳು. ದೇವನೊಬ್ಬನೇ, ಮನುಷ್ಯರಲ್ಲಿ ಮೇಲುಕೀಳಿಲ್ಲ ಎಂಬುದು ಅಲ್ಲಿಯ ಬೋಧೆ. ಈ ಮಾತನ್ನು ಕೇಳಿ ತಲೆದೂಗಿದವರು ಅನೇಕರು; ಕೇಳಿ ಮನೆಗೆ ಹೋಗಿ ಅದರಂತೆ ನಡೆಯುವುದಕ್ಕೆ ಹೊರಟವರು ಕೆಲವರು. ರಂಗರಾಯರು ಆ ಕೆಲವರಲ್ಲಿ ಮೊದಲಿಗರು.

ಶಾಲೆಯೆಂಬ ಸಾಹಸ

ಸಾಹಸವೆಂದರೆ ಸಮುದ್ರವನ್ನು ದಾಟುವುದು, ಹುಲಿಯನ್ನು ಹೊಡೆಯುವುದು, ಯುದ್ಧಕ್ಕೆ ಹೋಗುವುದು ಎಂದು ನಾವು ಬಗೆಯುತ್ತೇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮಂಗಳೂರಿನಲ್ಲಿ ಅಂದು ಪಂಚಮರೆಂದು ಕರೆಯಲ್ಪಡುತ್ತಿದ್ದವರ ಮಕ್ಕಳನ್ನು ಕೂಡಿಸಿ ಅಕ್ಷರ ಕಲಿಸುವುದು ಅವುಗಳಿಗೆ ಕಡಿಮೆಯಾದ ಸಾಹಸವಾಗಿರಲಿಲ್ಲ. ಆ ಮಕ್ಕಳು ನಡೆಯುವ ದಾರಿಯೇ ಬೇರೆ, ನೀರು ತರುವ ಹೊಂಡವೇ ಬೇರೆ. ಊರಿನ ಶಾಲೆಯೊಳಗೆ ಅವರು ಕಾಲಿಟ್ಟರೆ ಉಳಿದ ಮಕ್ಕಳನ್ನು ತಂದೆತಾಯಿಗಳು ಬಿಡಿಸಿಕೊಂಡು ಹೋಗುತ್ತಿದ್ದರು.

1892ರಲ್ಲಿ ರಂಗರಾಯರು ಉರ್ವದ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದನ್ನು ಹಿಡಿದು ಶಾಲೆಯನ್ನು ತೆರೆದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂಬ ಶಬ್ದವನ್ನು ಇಂದು ನಾವು ಲಘುವಾಗಿ ಉಪಯೋಗಿಸುತ್ತೇವೆ. ಆ ದಿನಗಳಲ್ಲಿ ಅದರ ಅರ್ಥವು ಭಯಂಕರವಾಗಿದ್ದಿತು. ಪುರೋಹಿತನು ಮನೆಯ ಮೆಟ್ಟಲು ಹತ್ತನು. ನೆಂಟರು ನೀರು ಮುಟ್ಟರು. ಮನೆಯಲ್ಲಿ ಸತ್ತವರಿದ್ದರೆ ಹೊರುವುದಕ್ಕೆ ನಾಲ್ಕು ಹೆಗಲು ದೊರೆಯದು. ಬೆಳೆದ ಹೆಣ್ಣುಮಕ್ಕಳಿದ್ದರೆ ಅವರನ್ನು ಕೇಳಿಕೊಂಡು ಬರುವ ವರನಿಲ್ಲ. ಗಂಡಸು ಕೋರ್ಟಿಗೆ ಹೋಗಿ ಹೊತ್ತು ಕಳೆದಾನು. ದಿನವೆಲ್ಲ ಆ ಮನೆಯ ಒಳಗೆ ಕುಳಿತು ಅದನ್ನು ಅನುಭವಿಸತಕ್ಕವರು ಹೆಂಡತಿ ಮತ್ತು ಮಕ್ಕಳು. ರಂಗರಾಯರ ಮಕ್ಕಳು ಇಂಥ ಮನೆಯಲ್ಲಿ ಬೆಳೆದರೆಂಬುದನ್ನು ಓದುಗರು ಮರೆಯಬಾರದು.

ಶಾಲೆಗೆ ಮನೆ ಸಿಕ್ಕಿದರೂ ಪಾಠ ಹೇಳುವುದಕ್ಕೆ ಹಿಂದೂ ಉಪಾಧ್ಯಾಯರು ಮುಂದೆ ಬಾರದೆ ಹೋದುದರಿಂದ ಕ್ರೈಸ್ತ ಉಪಾಧ್ಯಾಯರನ್ನು ಆಶ್ರಯಿಸಬೇಕಾಯಿತು. ವಿರೋಧವು ಹೆಚ್ಚಿದಂತೆ ಶಾಲೆಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ಥಳಾಂತರಗೊಂಡಿತು. ಅದಕ್ಕಿಂತಲೂ ದೊಡ್ಡ ತೊಡಕೆಂದರೆ ಹಸಿವು. ಕೂಲಿಗೆ ಹೋಗಿ ಒಂದು ಹಿಡಿ ಅಕ್ಕಿ ತರುತ್ತಿದ್ದ ಹುಡುಗನನ್ನು ಶಾಲೆಯಲ್ಲಿ ಕೂರಿಸಿದರೆ ಆ ಅಕ್ಕಿಯನ್ನು ತರುವವರು ಯಾರು? ರಂಗರಾಯರು ವಾದಕ್ಕೆ ನಿಲ್ಲದೆ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ಶಾಲೆಗೆ ಬಂದವರಿಗೆ ಸ್ವಲ್ಪ ಕಾಸನ್ನೂ ಕೊಡಿಸಿದರು. ನಮ್ಮ ಮದರಾಸು ಕಾರ್ಪೊರೇಷನ್ನು ಪಿ. ತ್ಯಾಗರಾಯ ಚೆಟ್ಟಿಯವರ ಕಾಲದಲ್ಲಿ ತನ್ನ ಶಾಲೆಯ ಮಕ್ಕಳಿಗೆ ಊಟ ಹಾಕಲು ನಿರ್ಣಯಿಸಿದುದು 1920ರಲ್ಲಿ. ಅನ್ನ ಬಡಿಸುವ ಕೈಯೇ ಅಕ್ಷರಕ್ಕೂ ದಾರಿ ಮಾಡುವುದೆಂಬುದನ್ನು ಮಂಗಳೂರಿನ ಒಬ್ಬ ವಕೀಲರು ಅದಕ್ಕೆ ಮುಂಚೆಯೇ ಕಂಡುಕೊಂಡಿದ್ದರು. ಅನ್ನ ಬಡಿಸುವುದನ್ನೇ ಕಸುಬಾಗಿ ಮಾಡಿಕೊಂಡ ನಮಗೆ ಇದು ಹೆಮ್ಮೆಯ ವಿಷಯವಾಗಬೇಕು.

1897ರಲ್ಲಿ ಈ ಕೆಲಸವು ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಎಂಬ ಸಂಸ್ಥೆಯ ರೂಪವನ್ನು ತಾಳಿತು. ಜಮಖಂಡಿಯಲ್ಲಿ ಹುಟ್ಟಿದ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರು ಅದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ತೆರೆದುದು 1906ರಲ್ಲಿ. ಓದಿನ ಜತೆಗೆ ನೆಯ್ಗೆ, ಮರಗೆಲಸ ಮೊದಲಾದ ಕಸುಬುಗಳನ್ನು ಕಲಿಸಲಾಯಿತು. ಮನೆ ಕಟ್ಟಿಕೊಳ್ಳಲು ನೆಲ ಕೊಡಿಸಿ ವಸತಿಗಳನ್ನು ಎಬ್ಬಿಸಲಾಯಿತು. ಎಲ್ಲರಿಗಿಂತಲೂ ದೂರ ತಳ್ಳಲ್ಪಟ್ಟಿದ್ದ ಕೊರಗರ ಕಡೆಗೂ ಕೆಲಸವು ಹಬ್ಬಿತು. ಸರಕಾರವು ರಂಗರಾಯರಿಗೆ ರಾವ್ ಸಾಹೇಬ್ ಪದವಿಯನ್ನಿತ್ತಿತು.

ಮಗಳು ರಾಧಾಬಾಯಿ

ಊರ ಮಕ್ಕಳಿಗೆ ಶಾಲೆ ತೆರೆದು ಮನೆಯ ಮಗಳನ್ನು ಒಲೆಯ ಮುಂದೆ ಕೂರಿಸಿದ ಸುಧಾರಕರನ್ನು ನಾವು ಕಂಡಿದ್ದೇವೆ. ರಂಗರಾಯರು ಹಾಗೆ ಮಾಡಲಿಲ್ಲ. 1891ರಲ್ಲಿ ಹುಟ್ಟಿದ ಮಗಳು ರಾಧಾಬಾಯಿಯನ್ನು ಮಂಗಳೂರಿನಲ್ಲಿ ಓದಿಸಿ, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಕಳುಹಿಸಿದರು. ಮಂಗಳೂರಿಗೆ ರೈಲು ಬಂದುದೇ 1907ರಲ್ಲಿ ಎಂಬುದನ್ನು ನೆನೆದರೆ ಒಂದು ಹೆಣ್ಣುಮಗಳ ಆ ಪ್ರಯಾಣದ ದೂರವು ತಿಳಿದೀತು. ಮರೀನಾ ಕಡಲತೀರದ ಎದುರಿಗೆ ಇಂದಿಗೂ ನಿಂತಿರುವ ಆ ಕೆಂಪು ಕಟ್ಟಡವನ್ನು ತಿರುವಲ್ಲಿಕೇಣಿಯ ನಮ್ಮ ಓದುಗರು ದಿನವೂ ಕಾಣುತ್ತಾರೆ.

ಅದೇ ಕಾಲೇಜಿನಲ್ಲಿ ಓದಿದ ಇನ್ನೊಬ್ಬರು ಪರಮಶಿವ ಸುಬ್ಬರಾಯನ್. ಸೇಲಂ ಸೀಮೆಯ ಕುಮಾರಮಂಗಲದ ಜಮೀನ್ದಾರರ ಮಗ, 1889ರಲ್ಲಿ ಜನಿಸಿದವರು. ಕುಲವು ಬೇರೆ, ಮಾತು ತಮಿಳು, ಮನೆಯ ಐಶ್ವರ್ಯವಂತೂ ಮಂಗಳೂರಿನ ವಕೀಲರ ಮನೆಗೆ ಹೋಲಿಕೆಯೇ ಇಲ್ಲದ್ದು. 1912ರಲ್ಲಿ ಇವರಿಬ್ಬರ ವಿವಾಹವು ನಡೆಯಿತು. ಬಹಿಷ್ಕಾರಕ್ಕೆ ಮೊದಲೇ ಒಳಗಾದವರಿಗೆ ಇನ್ನು ಕಳೆದುಕೊಳ್ಳುವುದೇನಿತ್ತೆಂದು ಹಗುರವಾಗಿ ಕೇಳಬಹುದು. ಆದರೆ ಮಗಳ ಬಾಳನ್ನು ಪರಭಾಷೆಯ, ಪರಕುಲದ ಮನೆಗೆ ಒಪ್ಪಿಸುವಾಗ ತಂದೆಯಾದವನ ಎದೆ ನಡುಗದೆ ಇರುವುದಿಲ್ಲ. ಜಾತಿಯಿಲ್ಲವೆಂದು ಸಭೆಯಲ್ಲಿ ಹೇಳಿದ ಮಾತಿಗೆ ರಂಗರಾಯರು ತಮ್ಮ ಮನೆಯ ಮಗಳ ಮದುವೆಯಲ್ಲಿ ನಿಂತುಕೊಂಡರು.

ಪದವಿಯೂ ಕಾಷಾಯವೂ

1926ರ ಡಿಸೆಂಬರಿನಲ್ಲಿ ಅಳಿಯನಾದ ಸುಬ್ಬರಾಯನ್ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. ಆ ಪ್ರಾಂತದ ವಿಸ್ತಾರವನ್ನು ಇಂದಿನವರು ಊಹಿಸುವುದು ಕಷ್ಟ: ಉತ್ತರದಲ್ಲಿ ಗಂಜಾಮಿನಿಂದ ದಕ್ಷಿಣದಲ್ಲಿ ತಿರುನಲ್ವೇಲಿಯವರೆಗೆ, ಪಡುವಣದಲ್ಲಿ ನಮ್ಮ ಮಂಗಳೂರು, ಉಡುಪಿಗಳೂ ಸೇರಿ, ಎಲ್ಲಕ್ಕೂ ಆಜ್ಞೆ ಹೊರಡುತ್ತಿದ್ದುದು ಸೈಂಟ್ ಜಾರ್ಜ್ ಕೋಟೆಯಿಂದ. ರಂಗರಾಯರ ಊರನ್ನು ಆಳುವ ಮಂತ್ರಿಯು ರಂಗರಾಯರ ಅಳಿಯ!

ಓದುಗರೇ, ಇಂಥ ಅದೃಷ್ಟವು ನಮ್ಮ ಪೈಕಿ ಒಬ್ಬನಿಗೆ ಒದಗಿತೆಂದು ಎಣಿಸಿರಿ. ಮಂತ್ರಿಯ ಮಾವನವರ ಜಗಲಿಯಲ್ಲಿ ಬೆಳಗಾಗುವ ಮುಂಚೆಯೇ ಅರ್ಜಿದಾರರು ಕುಳಿತಿರುವರು. ಬಹಿಷ್ಕಾರ ಹಾಕಿದವರೇ ಹಣ್ಣು ಹೂವುಗಳೊಡನೆ ಬಂದು ಹಳೆಯ ಬಾಂಧವ್ಯವನ್ನು ನೆನಪಿಸುವರು. ಅರುವತ್ತೇಳು ಅರುವತ್ತೆಂಟರ ವಯಸ್ಸಿನ ಮುದುಕರೊಬ್ಬರು ಅಂಥ ಆರಾಮವನ್ನು ಸ್ವೀಕರಿಸಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ.

ರಂಗರಾಯರು ಮಾಡಿದುದೇನು? 1927ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದರು. ಅಳಿಯನು ಕೋಟೆಯಲ್ಲಿ ಅಧಿಕಾರದಲ್ಲಿರುವಾಗ ಮಾವನವರು ಮಂಗಳೂರಿನಲ್ಲಿ ಕಾಷಾಯವನ್ನುಟ್ಟರು. ಮರುವರ್ಷ, 1928ರ ಜನವರಿ 30ರಂದು, ಅವರು ಕಾಲವಾದರು. ತಮ್ಮ ಅಂತ್ಯಕ್ರಿಯೆಯು ಬೀದಿ ಗುಡಿಸುವ, ಮಲ ಹೊರುವ ಕಾಯಕದವರ ಕೈಯಿಂದಲೇ ಆಗಬೇಕೆಂಬುದು ಅವರ ಕಡೆಯ ಇಚ್ಛೆಯಾಗಿದ್ದಿತು. ಪ್ರಾಂತದ ಮುಖ್ಯಮಂತ್ರಿಯ ಮಾವನವರಿಗೆ ಹೆಗಲು ಕೊಡುವುದಕ್ಕೆ ದೊಡ್ಡವರ ಕೊರತೆಯಿರಲಿಲ್ಲ. ಬದುಕಿರುವಾಗ ತಾವು ಯಾರನ್ನು ಮುಟ್ಟಿದರೆಂದು ಊರು ತಮ್ಮನ್ನು ಹೊರಗಿಟ್ಟಿತೋ, ಸತ್ತ ಮೇಲೆ ಅವರೇ ತಮ್ಮನ್ನು ಮುಟ್ಟಬೇಕೆಂದು ಆ ವೃದ್ಧರು ಬಯಸಿದರು.

ಅವರ ಸಮಾಧಿಯು ಮಂಗಳೂರಿನ ನಂದಿಗುಡ್ಡೆಯಲ್ಲಿದೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಹುಡುಗನೊಬ್ಬನು ದೊಡ್ಡ ಹುದ್ದೆಗೆ ಏರಿ, ಊರಿನ ಬೀದಿಯಲ್ಲಿ ಮೋಟಾರು ಗಾಡಿಯಲ್ಲಿ ಸಾಗಿ, ಅದರ ಚಕ್ರಗಳಿಂದೆದ್ದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ತಮ್ಮ ಜನ್ಮವು ಸಾರ್ಥಕವಾಯಿತೆಂದು ಅವರು ಹೇಳುತ್ತಿದ್ದರೆಂಬುದು ಮಂಗಳೂರಿನವರೆಲ್ಲರ ಬಾಯಲ್ಲಿರುವ ಮಾತು.

ಅಳಿಯನಿಗೆ ಸಂದ ಆಸ್ತಿ

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಅಳಿಯನು ಮಾವನ ವಿಷಯದಲ್ಲಿ ಏನು ಆಡಿದನೆಂಬುದಕ್ಕಿಂತ ಏನು ಮಾಡಿದನೆಂಬುದನ್ನು ನೋಡುವುದು ಮೇಲು.

ಸುಬ್ಬರಾಯನ್ ಮಂತ್ರಿಮಂಡಲದ ಕಾಲದಲ್ಲಿಯೇ ಮಂತ್ರಿ ಎಸ್. ಮುತ್ತಯ್ಯ ಮೊದಲಿಯಾರರ ಪ್ರಯತ್ನದಿಂದ ಸರಕಾರಿ ನೌಕರಿಗಳ ಹಂಚಿಕೆಯ ಆಜ್ಞೆಯು ಜಾರಿಗೆ ಬಂದಿತು; ಪ್ರತಿ ಹನ್ನೆರಡು ಸ್ಥಾನಗಳಲ್ಲಿ ಒಂದು ದಲಿತರಿಗೆ ಮೀಸಲಾಯಿತು. ಹನ್ನೆರಡರಲ್ಲಿ ಒಂದು ಅಲ್ಪವೇ ಹೌದು. ಆದರೆ ಸೊನ್ನೆಗೂ ಒಂದಕ್ಕೂ ಇರುವ ಅಂತರವೆಷ್ಟೆಂಬುದನ್ನು ಕಚೇರಿಯ ಮೇಜಿನ ಹಿಂದೆ ಕುಳಿತವರು ಬಲ್ಲರು.

1930ರಲ್ಲಿ ಅವರ ಅಧಿಕಾರವು ಮುಗಿಯಿತು. ಅಧಿಕಾರವಿಲ್ಲದಾಗ ಮನುಷ್ಯನು ಏನನ್ನು ಹಿಡಿಯುತ್ತಾನೆಂಬುದರಿಂದ ಅವನ ಒಲವು ತಿಳಿಯುತ್ತದೆ. ಅಸ್ಪೃಶ್ಯರೆನಿಸಿದವರಿಗೆ ದೇವಾಲಯಗಳ ಬಾಗಿಲನ್ನು ತೆರೆಯುವ ಮಸೂದೆಯನ್ನು ಸುಬ್ಬರಾಯನ್ ಮದರಾಸು ಶಾಸನ ಪರಿಷತ್ತಿನ ಮುಂದೆ ತರಲು ಹೊರಟರು. 1933ರ ಜನವರಿಯಲ್ಲಿ ವೈಸರಾಯರು ಅದಕ್ಕೆ ಅನುಮತಿಯನ್ನು ನಿರಾಕರಿಸಿದರು. ಆದರೆ ವಿಷಯವು ಅಲ್ಲಿಗೆ ನಿಲ್ಲಲಿಲ್ಲ. 1937ರಲ್ಲಿ ರಾಜಾಜಿಯವರ ಮಂತ್ರಿಮಂಡಲವು ಬಂದಾಗ ಸುಬ್ಬರಾಯನ್ ಅದರಲ್ಲಿ ಮಂತ್ರಿಗಳಾದರು; ಅದೇ ಮಂತ್ರಿಮಂಡಲದ ಅವಧಿಯಲ್ಲಿ, 1939ರಲ್ಲಿ, ಮಧುರೆಯ ಮೀನಾಕ್ಷಿ ದೇವಾಲಯದೊಳಗೆ ದಲಿತರು ಕಾಲಿಟ್ಟರು, ದೇವಾಲಯ ಪ್ರವೇಶಕ್ಕೆ ಕಾನೂನಿನ ರಕ್ಷಣೆಯೂ ದೊರಕಿತು. ಈ ನಡುವೆ, 1934ರ ಫೆಬ್ರವರಿಯಲ್ಲಿ, ತಮ್ಮ ಹರಿಜನ ಯಾತ್ರೆಯ ಕಾಲಕ್ಕೆ ಮಹಾತ್ಮ ಗಾಂಧಿಯವರು ಮಂಗಳೂರಿಗೆ ಬಂದು ರಂಗರಾಯರ ಸಂಸ್ಥೆಯನ್ನು ಕಂಡು ಹೋಗಿದ್ದರು.

ಮಗಳು ರಾಧಾಬಾಯಿಯೂ ತಂದೆಗೆ ತಕ್ಕವಳಾದಳು. 1930ರಲ್ಲಿ ಲಂಡನ್ನಿನಲ್ಲಿ ಸೇರಿದ ಮೊದಲನೆಯ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಸ್ತ್ರೀಯರ ಪರವಾಗಿ ಕುಳಿತವರು ಇಬ್ಬರೇ. ಬೇಗಂ ಷಾನವಾಜ್ ಒಬ್ಬರು, ಮಂಗಳೂರಿನ ಈ ಮಗಳು ಇನ್ನೊಬ್ಬರು. ಯಾರಿಗೆ ಮತದ ಹಕ್ಕು ಇರಬೇಕೆಂಬುದನ್ನು ವಿಚಾರಿಸಲು 1932ರಲ್ಲಿ ಲೋಥಿಯನ್ ಪ್ರಭುವಿನ ಅಧ್ಯಕ್ಷತೆಯಲ್ಲಿ ದೇಶವನ್ನು ಸುತ್ತಿದ ಸಮಿತಿಯಲ್ಲಿಯೂ ಆಕೆ ಸದಸ್ಯೆಯಾಗಿದ್ದರು. 1938ರಲ್ಲಿ ದಿಲ್ಲಿಯ ಕೌನ್ಸಿಲ್ ಆಫ್ ಸ್ಟೇಟಿಗೆ ಆಯ್ಕೆಯಾದ ಮೊದಲ ಮಹಿಳೆಯೂ ಆಕೆಯೇ.

ಮೊಮ್ಮಕ್ಕಳ ಕಥೆ ಇನ್ನೂ ವಿಚಿತ್ರವಾದುದು. ಹಿರಿಯ ಮೊಮ್ಮಗ ಪಿ. ಪಿ. ಕುಮಾರಮಂಗಲಂ ಎರಡನೆಯ ಮಹಾಯುದ್ಧದಲ್ಲಿ ಆಫ್ರಿಕದ ಮರುಭೂಮಿಯಲ್ಲಿ ಸೆರೆ ಸಿಕ್ಕಿ, ಇಟಲಿಯಲ್ಲಿ ತಪ್ಪಿಸಿಕೊಂಡು, ಮತ್ತೆ ಸಿಕ್ಕಿಬಿದ್ದು, ಜರ್ಮನಿಯ ಸೆರೆಯನ್ನು ಕಂಡು, ಕೊನೆಗೆ 1966ರಿಂದ 1969ರವರೆಗೆ ಭಾರತದ ಭೂಸೇನೆಯ ದಂಡನಾಯಕರಾದರು. ಮೋಹನ ಕುಮಾರಮಂಗಲಂ ಕಮ್ಯುನಿಸ್ಟ್ ಪಕ್ಷದಲ್ಲಿ ದುಡಿದು, ಮುಂದೆ ಕೇಂದ್ರ ಮಂತ್ರಿಗಳಾಗಿದ್ದಾಗ 1973ರ ವಿಮಾನಾಪಘಾತದಲ್ಲಿ ಮೃತರಾದರು. ಮೊಮ್ಮಗಳು ಪಾರ್ವತಿ ಕೃಷ್ಣನ್ ಜಮೀನ್ದಾರರ ಮನೆಯಲ್ಲಿ ಹುಟ್ಟಿಯೂ ಕಾರ್ಮಿಕ ಸಂಘಗಳಲ್ಲಿ ಆಯುಷ್ಯವನ್ನು ಸವೆಯಿಸಿ, ಕೊಯಮುತ್ತೂರಿನಿಂದ ಲೋಕಸಭೆಗೆ ಆರಿಸಿ ಬಂದರು, 2014ರಲ್ಲಿ ತೀರಿಕೊಂಡರು. ಸುಬ್ಬರಾಯನ್ನರಾದರೋ ಕ್ರಿಕೆಟಿನ ಅಖಿಲ ಭಾರತ ಮಂಡಳಿಯ ಅಧ್ಯಕ್ಷ ಪದವಿ, ಇಂಡೊನೇಷ್ಯದ ರಾಯಭಾರಿತ್ವ, ನೆಹರೂ ಮಂತ್ರಿಮಂಡಲದ ಸದಸ್ಯತ್ವ ಇವೆಲ್ಲವನ್ನೂ ಕಂಡು, 1962ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದಾಗ ಕಾಲವಾದರು.

ಜಮೀನ್ದಾರಿಯು ಸುಬ್ಬರಾಯನ್ನರ ತಂದೆಯ ಮನೆಯಿಂದ ಬಂದುದು. ಅದನ್ನು ಕಾಲವು ಕರಗಿಸಿತು. ಪಡುವಣ ಕಡಲಿನಿಂದ ಮಗಳ ಜತೆಗೆ ಬಂದ ಆಸ್ತಿಯು ಬೇರೆ ಜಾತಿಯದು. ಹೊರಗಿಟ್ಟವರನ್ನು ಒಳಗೆ ಕರೆಯಬೇಕೆಂಬ ಹಟವದು.

ನಮ್ಮ ಮನೆಯ ಮಾತು

ನಮ್ಮ ಜಿಲ್ಲೆಯಿಂದ ಮದರಾಸಿಗೆ ಬಂದ ಇನ್ನೊಂದು ಧಾರೆ ನಮ್ಮದು. ಕಡಂದಲೆಯ ಕೆ. ಕೃಷ್ಣರಾಯರು ಅಡಿಗೆಮನೆಯ ಹುಡುಗನ ಕೆಲಸದಿಂದ ಮೇಲೇರಿ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದ ಕಥೆಯನ್ನು ಹೇಳಿಕೊಳ್ಳದ ಉಡುಪಿಯವನಿಲ್ಲ. ಅದು ಹೇಳತಕ್ಕ ಕಥೆಯೇ ಸರಿ. ಆದರೆ ಹೇಳದೆ ಮುಚ್ಚಿಡುವ ಕಥೆಯೊಂದು ನಮ್ಮಲ್ಲಿದೆ. ಇಡ್ಲಿ ಸಾಂಬಾರಿನಿಂದ ಈ ನಗರವನ್ನು ಗೆದ್ದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿಯಿದ್ದ ಕಾಲವೊಂದಿತ್ತು. ದಲಿತರಿಗೆ ಪಂಕ್ತಿಯೇ ಇರಲಿಲ್ಲ. 1957ರಲ್ಲಿ ಕೂಡ ತಿರುವಲ್ಲಿಕೇಣಿಯ ಹೋಟೆಲೊಂದರ ಫಲಕದಿಂದ ‘ಬ್ರಾಹ್ಮಣ’ ಎಂಬ ಶಬ್ದವನ್ನು ಅಳಿಸಬೇಕೆಂದು ಪೆರಿಯಾರ್ ರಾಮಸ್ವಾಮಿಯವರ ಅನುಯಾಯಿಗಳು ತಿಂಗಳುಗಟ್ಟಲೆ ಚಳವಳಿ ಹೂಡಿ ಸೆರೆಗೆ ಹೋಗಬೇಕಾಯಿತು. 1950ರಲ್ಲಿಯೇ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ ಹದಿನೈದನೆಯ ಅನುಚ್ಛೇದದಲ್ಲಿ, ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದ ಸ್ಥಳಗಳನ್ನು ಎಣಿಸುವಾಗ, ಅಂಗಡಿ, ಬಾವಿ, ಕೆರೆಗಳ ಜತೆಗೆ ಹೋಟೆಲುಗಳ ಹೆಸರನ್ನೂ ಹೇಳಿದೆ. ಆ ಹೆಸರು ಅಲ್ಲಿ ಬರುವುದಕ್ಕೆ ನಮ್ಮ ಕಸುಬಿನವರ ನಡತೆಯೂ ಒಂದು ಕಾರಣವೆಂದು ಒಪ್ಪಿಕೊಳ್ಳುವುದರಿಂದ ನಮ್ಮ ಗೌರವಕ್ಕೆ ಕುಂದಿಲ್ಲ.

ಆ ಫಲಕಗಳು ಹೋದುವು. ಇಂದು ನಮ್ಮ ಮೇಜುಗಳಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತರೆಂದು ಯಾರೂ ಕೇಳುವುದಿಲ್ಲ. ಆದರೆ ಗಿರಾಕಿಗಳು ಕುಳಿತಿರುವ ಕಡೆಯಿಂದ ಒಳಗೆ ಬನ್ನಿರಿ. ಮೊದಲು ಊರಿನಿಂದ ಬಂದ ಮಾಣಿಗಳು ಮಾಡುತ್ತಿದ್ದ ಕೆಲಸವನ್ನು ಇಂದು ಬಿಹಾರ, ಅಸ್ಸಾಂ ಕಡೆಯ ಹುಡುಗರು ಮಾಡುತ್ತಿದ್ದಾರೆ. ಎಂಜಲು ತಟ್ಟೆಯನ್ನು ಎತ್ತಿ ಮೇಜನ್ನು ಒರಸುವ ಆ ಹುಡುಗನಿಗೆ ತಮಿಳೂ ಬಾರದು, ಕನ್ನಡವೂ ಬಾರದು. ಅವನ ಹೆಸರು ನಮಗೆ ಗೊತ್ತೇ? ಅವನು ಊಟಕ್ಕೆ ಯಾವಾಗ, ಎಲ್ಲಿ, ಯಾರ ಜತೆಯಲ್ಲಿ ಕುಳಿತುಕೊಳ್ಳುತ್ತಾನೆ? ನಮ್ಮ ಅಜ್ಜಂದಿರು ಇದೇ ನಗರಕ್ಕೆ ಮಾತು ಬಾರದ ಹುಡುಗರಾಗಿ ಬಂದು, ಇದೇ ಅಡಿಗೆಮನೆಗಳ ಮೂಲೆಯಲ್ಲಿ ಮಲಗಿ ಎದ್ದವರು.

ಮಂಗಳೂರಿನಲ್ಲಿ ರಂಗರಾಯರ ಹೆಸರಿನ ಪುರಭವನವಿದೆ. ಊರಿಗೆ ಹೋದಾಗ ನಂದಿಗುಡ್ಡೆಯ ಕಡೆಗೂ ಒಮ್ಮೆ ಕಾಲು ಹಾಕಬೇಕೆಂದು ನಾವು ಓದುಗರಲ್ಲಿ ವಿನಂತಿಸುತ್ತೇವೆ. ಹೋಗಲು ಅನುಕೂಲವಾಗದಿದ್ದರೆ ಚಿಂತೆಯಿಲ್ಲ. ಇಂದು ಮಧ್ಯಾಹ್ನದ ಬಿಡುವಿನಲ್ಲಿ, ಮಾವನವರು ಕೊಟ್ಟುದರ ಕೊಡದುದರ ಲೆಕ್ಕವು ಮುಗಿದ ಮೇಲೆ, ಮೇಜು ಒರಸುವ ಆ ಹುಡುಗನನ್ನು ಹೆಸರು ಹಿಡಿದು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಲೋಟ ಕಾಫಿಯನ್ನು ಅವನ ಕೈಗೆ ಕೊಡಬಹುದು. ಎರಡಕ್ಷರ ಕಲಿಯುವ ಮನಸ್ಸಿದೆಯೇ ಎಂದು ಕೇಳಲೂಬಹುದು. ಕುದ್ಮುಲ್ ರಂಗರಾಯರ ಆಸ್ತಿಯಲ್ಲಿ ಪಾಲು ಪಡೆಯುವುದಕ್ಕೆ ಅವರ ಅಳಿಯನಾಗಿಯೇ ಹುಟ್ಟಬೇಕಾಗಿಲ್ಲ.